ಪುಟ್ಟತಾಯಮ್ಮನ ಹಾಲಿನ ತಪ್ಪಲೆ

ಪುಟ್ಟತಾಯಮ್ಮನ ಹಿತ್ತಾಳೆ ತಪ್ಪಲೆಯೊಳಗೆ ಮುಖ ನೋಡಿಕೊಂಡು ಹಣೆಗೆ ಕುಂಕುಮ ಇಟ್ಟುಕೊಳ್ಳಬಹುದು ಎಂದು ಗುಬ್ಬಿ ಪೇಟೆಯ ಹೆಂಗಸರು ಹೇಳುತ್ತಿದ್ದರು. ಅದರಲ್ಲಿ ಹೊಗಳಿಕೆಯೂ ಇತ್ತು, ಚೂರು ಹೊಟ್ಟೆಕಿಚ್ಚೂ ಇತ್ತು. ಪಾತ್ರೆಯ ಹೊರಮೈ ಬೆಳಗುವವರು ಎಲ್ಲ ಮನೆಯಲ್ಲೂ ಇದ್ದರು. ಪುಟ್ಟತಾಯಮ್ಮ ಒಳಮೈಯನ್ನು ಬೆಳಗುತ್ತಿದ್ದಳು. ಮೊಣಕೈವರೆಗೂ ಕೈ ಇಳಿಸಿ, ಹಿಂಡಿದ ಹುಣಸೆಹಣ್ಣಿನ ಹಿಪ್ಪೆಗೆ ಒಲೆಯ ಬೂದಿ ಬೆರೆಸಿ, ತೆಂಗಿನ ನಾರಿನಲ್ಲಿ ತಳದ ಸುತ್ತು ಬಿಡದೆ ತಿಕ್ಕಿದರೆ ಒಳಗೆಲ್ಲ ಹೊಸ ಬಂಗಾರದ ಹಾಗೆ ಹೊಳೆಯುತ್ತಿತ್ತು.

ಗೂಳೂರಿನ ತವರಿನವರು ಮದುವೆಯಲ್ಲಿ ಕೊಟ್ಟ ತಪ್ಪಲೆ ಅದು. ಅದರಲ್ಲಿ ಹಾಲು ಬಿಟ್ಟು ಬೇರೇನನ್ನೂ ಅವಳು ಕಾಯಿಸಲಿಲ್ಲ. ಬೆಳಗ್ಗೆ ಕರೆದ ಹಸುವಿನ ಹಾಲು ಅದರಲ್ಲಿ ಒಲೆ ಏರಿದರೆ, ಕಾದು, ಕೆನೆಗಟ್ಟಿ, ಬೂದಿ ಮುಚ್ಚಿದ ಕೆಂಡದ ಮೇಲೆ ಸಂಜೆಯ ತನಕ ಬೆಚ್ಚಗೆ ಕೂತಿರುತ್ತಿತ್ತು. ಬೀದಿಗೆ ಕಲಾಯಿಯವನು ಬಂದು ತಿದಿ ಹೂಡಿದಾಗ ಅವಳೂ ಪಾತ್ರೆ ಹೊತ್ತು ಹೋಗುತ್ತಿದ್ದಳು. ಸಾರಿನ ಪಾತ್ರೆ, ಹುಳಿಯ ಪಾತ್ರೆ, ಮಜ್ಜಿಗೆ ಚೊಂಬು ಎಲ್ಲಕ್ಕೂ ಒಳಗಡೆ ತವರ ಹಿಡಿಸುತ್ತಿದ್ದಳು. ಬರಿಯ ಹಿತ್ತಾಳೆಗೆ ಹುಳಿ ತಾಕಿದರೆ ಕಿಲುಬು ಏಳುತ್ತದೆ, ಕಿಲುಬು ಹೊಟ್ಟೆಗೆ ಹೋದರೆ ವಾಂತಿಯಾಗುತ್ತದೆ. ಇದು ಯಾರಿಗೆ ಗೊತ್ತಿಲ್ಲ? ಆದರೆ ಹಾಲಿನ ತಪ್ಪಲೆಯನ್ನು ಮಾತ್ರ ಅವಳು ಕೊಡುತ್ತಿರಲಿಲ್ಲ. ಕಲಾಯಿಯವನು ಒಂದು ಸಲ ಕೇಳಿದ್ದಕ್ಕೆ, "ಹಾಲೇನು ಹುಳೀನಾ? ಹಾಲಿಗೆ ಯಾವ ಕಿಲುಬಪ್ಪ?" ಎಂದು ನಕ್ಕಿದ್ದಳು. ಸುತ್ತ ನಿಂತ ಹೆಂಗಸರೂ ನಕ್ಕಿದ್ದರು. ಅವರ ಮನೆಗಳಲ್ಲೂ ಅದೇ ಪದ್ಧತಿ.

ಗಂಡ ನರಸಯ್ಯ ತೀರಿಕೊಂಡ ಮೇಲೆ ಪುಟ್ಟತಾಯಮ್ಮನ ಕೈ ಹಿಡಿದದ್ದು ಬಾಣಂತನದ ಕೆಲಸ. ಪೇಟೆಯಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಕೂಸಿಗೆ ನೀರು ಹಾಕಲು ಅವಳನ್ನೇ ಕರೆಯುತ್ತಿದ್ದರು. ಬಚ್ಚಲ ಕಲ್ಲಿನ ಮೇಲೆ ಎರಡು ಕಾಲನ್ನೂ ನೀಡಿ, ಕೂಸನ್ನು ಕಣಕಾಲಿನ ಮೇಲೆ ಬೋರಲು ಹಾಕಿ, ಹರಳೆಣ್ಣೆ ತೀಡಿ, ಬಿಸಿನೀರು ಹೊಯ್ದು, ಸಾಂಬ್ರಾಣಿ ಹೊಗೆಗೆ ಒಡ್ಡಿ ಮಲಗಿಸಿದರೆ ಕೂಸು ಮಧ್ಯಾಹ್ನದವರೆಗೂ ಕಣ್ಣು ಬಿಡುತ್ತಿರಲಿಲ್ಲ. ನೀರಿನ ಜೊತೆಗೆ ಬುದ್ಧಿಮಾತೂ ಹೇಳಿ ಬರುತ್ತಿದ್ದಳು. ಎದೆಹಾಲು ನೀರಾಲು, ಅದನ್ನೇ ನೆಚ್ಚಿಕೊಂಡರೆ ಕೂಸಿಗೆ ಮೈ ಹತ್ತುವುದಿಲ್ಲ. ಕಿವಿ ಚುಚ್ಚುವ ಹೊತ್ತಿಗೆ ಹಸುವಿನ ಹಾಲು ರೂಢಿ ಮಾಡಬೇಕು. ಹಾಲನ್ನು ಹಿತ್ತಾಳೆಯಲ್ಲೇ ಕಾಯಿಸಿ, ಅದರಲ್ಲೇ ಇಟ್ಟು, ಒಳಲೆಯಲ್ಲಿ ಹನಿಹನಿಯಾಗಿ ಕುಡಿಸಬೇಕು. ಬಾಣಂತಿಯರು ಹೂಂಗುಟ್ಟುತ್ತಿದ್ದರು. ಅವಳ ಕೈಯಲ್ಲಿ ಬೆಳೆದ ಮಕ್ಕಳು ಬೀದಿ ತುಂಬ ಓಡಾಡುತ್ತಿದ್ದುವಲ್ಲ.

ಎಲ್ಲ ಮಕ್ಕಳೂ ಓಡಾಡಲಿಲ್ಲ. ಕೆಲವು ಮಕ್ಕಳು ಹೊಸಿಲು ದಾಟುವ ವಯಸ್ಸಿಗೆ ಸಿಡುಕಲು ಶುರುಮಾಡುತ್ತಿದ್ದುವು. ಸಣ್ಣ ಜ್ವರ, ಊಟ ಬೇಡ, ರಾತ್ರಿಯೆಲ್ಲ ರಚ್ಚೆ. ಆಮೇಲೆ ಕೈಕಾಲು ಬತ್ತಿ ಹೊಟ್ಟೆ ಮಾತ್ರ ಉಬ್ಬುತ್ತಿತ್ತು. ಬಲಪಕ್ಕೆಯ ಕೆಳಗೆ ಕೈಯಿಟ್ಟರೆ ಗಟ್ಟಿ ಗಡ್ಡೆ. ಕೊನೆಗೆ ಕಣ್ಣು ಹಳದಿ. ಒಬ್ಬರು ಬಾಲಗ್ರಹ ಅಂದರು, ಒಬ್ಬರು ಕಾಮಾಲೆ ಅಂದರು, ಆಸ್ಪತ್ರೆಯವರು ಲಿವರ್ ಅಂದರು. ಸೊಪ್ಪಿನ ರಸ ಹಿಂಡಿದರು, ಹೊಟ್ಟೆಗೆ ಬರೆ ಎಳೆದರು, ಊಟದಲ್ಲಿ ಜಿಡ್ಡು ಬಿಡಿಸಿದರು. ಆ ಕಾಲಕ್ಕೆ ಇದಕ್ಕೆ ಯಾವ ದೊಡ್ಡ ಊರಿನಲ್ಲೂ ಔಷಧಿ ಇರಲಿಲ್ಲ. ವಿಚಿತ್ರವೆಂದರೆ ರೋಗ ಬರುತ್ತಿದ್ದದ್ದು ಹಸಿದ ಮನೆಗಲ್ಲ. ಹಸು ಕಟ್ಟಿದ, ಪಾತ್ರೆ ಬೆಳಗಿದ, ಮಗುವನ್ನು ನೆಲಕ್ಕೆ ಬಿಡದೆ ಸಾಕಿದ ಮನೆಗೆ. ಬಂದ ಮನೆಗೇ ಮತ್ತೆ ಬರುತ್ತಿತ್ತು.

ಎಪ್ಪತ್ತಾರನೇ ಇಸವಿಯಲ್ಲಿ ಅದು ಪುಟ್ಟತಾಯಮ್ಮನ ಮನೆಗೇ ಬಂತು.

ಅವಳಿಗೆ ಒಬ್ಬನೇ ಮಗ, ನರಸಿಂಹಯ್ಯ. ಗುಬ್ಬಿಯಿಂದ ತುಮಕೂರಿನ ಮೇಲೆ ಕುಣಿಗಲ್ಲಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರು. ಸೊಸೆ ರಂಗಲಕ್ಷ್ಮಮ್ಮ ಕುಣಿಗಲ್ಲಿನವಳು, ಮಾತು ಕಡಿಮೆ. ಅತ್ತೆ ಅವಳನ್ನು ರಂಗಿ ಎಂದು ಕರೆಯುತ್ತಿದ್ದಳು. ಮೊದಲನೆಯ ಗಂಡುಮಗು ಎರಡು ತುಂಬುವ ಮುಂಚೆ ಹೊಟ್ಟೆ ಉಬ್ಬಿ ತೀರಿಕೊಂಡಿತು. ಪುಟ್ಟತಾಯಮ್ಮ ಎದೆ ಬಡಿದುಕೊಂಡು ಅತ್ತಳು, ಹರಕೆ ಹೊತ್ತಳು, ಬಾಗಿಲಿನ ದಿಕ್ಕು ಬದಲಾಯಿಸಿದಳು. ಕೊನೆಗೆ ಅವಳ ಮನಸ್ಸು ಒಂದು ಕಡೆ ನಿಂತಿತು: ಸೊಸೆಯ ಹಾಲಿನಲ್ಲೇ ಸತ್ವವಿಲ್ಲ. ಎರಡನೆಯದೂ ಗಂಡೇ ಹುಟ್ಟಿದಾಗ ರಂಗಲಕ್ಷ್ಮಮ್ಮ, "ನಂಗೆ ಹಾಲು ಸಾಲ್ತದೆ ಅತ್ತೆ, ಕೂಸು ಕುಡ್ಕಂಡು ಮಲಗ್ತದೆ," ಎಂದು ಮೆಲ್ಲಗೆ ಹೇಳಿದ್ದಳು. ಪುಟ್ಟತಾಯಮ್ಮ ಕೇಳಲಿಲ್ಲ. ಮೊದಲನೆಯದಕ್ಕಿಂತ ಬೇಗನೆ ತಪ್ಪಲೆಯ ಹಾಲು ಶುರುಮಾಡಿದಳು. ಎರಡನೆಯದು ಮೊದಲನೆಯದಕ್ಕಿಂತ ಬೇಗನೆ ಹೋಯಿತು.

ಆಮೇಲೆ ದೂರುವುದು ಶುರುವಾಯಿತು. ಕುಣಿಗಲ್ಲಿನ ಬೀಗರು ಗುಬ್ಬಿಯ ಮನೆಗೇ ದೋಷವಿದೆ ಅಂದರು. ಗುಬ್ಬಿಯವರು ಸೊಸೆಯ ಕಾಲ್ಗುಣ ಅಂದರು. ನರಸಿಂಹಯ್ಯ ಎರಡನ್ನೂ ಕೇಳಿಸಿಕೊಂಡು ಬಸ್ಸು ಹತ್ತುತ್ತಿದ್ದ. ಎಂಬತ್ತೆರಡರಲ್ಲಿ ಮೂರನೆಯದು ಹುಟ್ಟಿತು. ಹೆಣ್ಣು. ಹೆಸರಿಡಲೂ ಎಲ್ಲರಿಗೂ ಅಂಜಿಕೆ. ಪುಟ್ಟಿ, ಪುಟ್ಟಿ ಎಂದೇ ಕರೆದರು. ಈ ಒಂದಾದರೂ ಉಳಿಯಲಿ ಎಂಬುದು ಬಿಟ್ಟು ಆ ಮನೆಯಲ್ಲಿ ಬೇರೆ ಬೇಡಿಕೆ ಇರಲಿಲ್ಲ. ಪುಟ್ಟತಾಯಮ್ಮನಂತೂ ಹಾಲಿನ ತಪ್ಪಲೆಯನ್ನು ದಿನಕ್ಕೊಂದು ಸಲ ತಿಕ್ಕುತ್ತಿದ್ದವಳು ಎರಡು ಸಲ ತಿಕ್ಕತೊಡಗಿದಳು.

ಅದೇ ವರ್ಷ ಮಳೆಗಾಲ ಹಿಂದಾಗುವ ಹೊತ್ತಿಗೆ ಡಾಕ್ಟರ್ ಉಮಾಮಹೇಶ್ವರಿ ಬಂದದ್ದು. ಅವಳೂ ಕುಣಿಗಲ್ ಕಡೆಯವಳೇ, ಮಠದ ಶಾಲೆಯಲ್ಲಿ ಓದಿ ಬೆಂಗಳೂರಿನಲ್ಲಿ ಮಕ್ಕಳ ಡಾಕ್ಟರಾದವಳು. ಮಕ್ಕಳ ಈ ಲಿವರ್ ರೋಗದ ಬೇರು ಹುಡುಕುವುದಕ್ಕೆಂದು ಬೆಂಗಳೂರಿನ ಹಿರಿಯ ಡಾಕ್ಟರೊಬ್ಬರು ಒಂದು ತನಿಖೆ ಹೂಡಿದ್ದರು. ಅದರ ಸಲುವಾಗಿ ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು, ಮಗು ಸತ್ತ ಮನೆ, ಮಗು ನರಳುವ ಮನೆ, ಮಕ್ಕಳೆಲ್ಲ ಗಟ್ಟಿಮುಟ್ಟಾಗಿರುವ ಮನೆ ಮೂರನ್ನೂ ಅವಳು ಸುತ್ತುತ್ತಿದ್ದಳು.

ಜಗಲಿಯ ಮೇಲೆ ಕೂತು ಅವಳು ಬಂದ ಕಾರಣ ಹೇಳಿದಾಗ ಪುಟ್ಟತಾಯಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹೋಗಿರೋ ಮಕ್ಳನ್ನ ಕೇಳ್ಕಂಡು ಈಗ ಬಂದಿದೀಯಲ್ಲ ಡಾಕ್ಟ್ರಮ್ಮ. ಆಗ ಎಲ್ಲಿದ್ದೆ?"

"ಆಗ ಇನ್ನೂ ಓದ್ತಿದ್ದೆ ಅಮ್ಮ," ಅಂದಳು ಉಮಾಮಹೇಶ್ವರಿ.

ಆ ಉತ್ತರ ಪುಟ್ಟತಾಯಮ್ಮನಿಗೆ ಹಿಡಿಸಿತು. ಒಳಗೆ ಕರೆದು ಕಾಫಿ ಕೊಟ್ಟಳು. ಡಾಕ್ಟರು ಕೇಳಿದ ಪ್ರಶ್ನೆಗಳು ಬಹಳ. ಎದೆಹಾಲು ಎಷ್ಟು ದಿನ? ಮೇಲುಹಾಲು ಯಾವಾಗ? ಹಸುವಿನದೋ ಎಮ್ಮೆಯದೋ? ಎಲ್ಲಿ ಕಾಯಿಸುತ್ತೀರಿ, ಎಲ್ಲಿ ಇಡುತ್ತೀರಿ? ಔಷಧಿ ಏನೇನು? ನೀರು ಎಲ್ಲಿಯದು? ಎಲ್ಲವನ್ನೂ ಒಂದೇ ದನಿಯಲ್ಲಿ ಕೇಳಿದಳು. ಆಮೇಲೆ ತೊಟ್ಟಿಲಿನಲ್ಲಿದ್ದ ಪುಟ್ಟಿಯ ಹೊಟ್ಟೆಯ ಬಲಗಡೆ ಬೆರಳೂರಿ ನೋಡಿದಳು. ಮನೆಯವರೆಲ್ಲ ಸುತ್ತ ನಿಂತಿದ್ದರು. ಎಳೆಮಕ್ಕಳಿಗೆ ಲಿವರಿನ ಅಂಚು ಬೆರಳಿಗೆ ಸಿಗುವುದುಂಟು, ರೋಗ ಹಿಡಿದರೆ ಅದು ಗಟ್ಟಿಯಾಗಿ ಎಲೆಯ ಅಂಚಿನ ಹಾಗೆ ಚೂಪಾಗುತ್ತದೆ, ಈಗ ಮೆತ್ತಗಿದೆ ಎಂದು ಬಿಡಿಸಿ ಹೇಳಿದಳು. ಅಷ್ಟರಲ್ಲಿ ಅವರಿಗೆ ಅರ್ಥವಾದದ್ದು ಮೆತ್ತಗಿದೆ ಎಂಬುದೊಂದೇ. ಹೋಗುವಾಗ ತಪ್ಪಲೆಯ ಹಾಲನ್ನು ಒಂದು ಪುಟ್ಟ ಬಾಟಲಿಗೆ ತುಂಬಿಸಿಕೊಂಡಳು.

ಯಾವ ಮನೆಯಲ್ಲಿ ಮಗು ಹೋಗಿದೆ, ಯಾವ ಮನೆಯಲ್ಲಿ ಉಳಿದಿದೆ ಎಂಬುದು ಪುಟ್ಟತಾಯಮ್ಮನಷ್ಟು ಮತ್ತೊಬ್ಬರಿಗೆ ತಿಳಿಯದು. ಮಕ್ಕಳನ್ನು ಕಳಕೊಂಡ ತಾಯಂದಿರು ಗುರುತಿಲ್ಲದ ಡಾಕ್ಟರಿಗೆ ಬಾಗಿಲು ತೆಗೆಯುವುದೂ ಕಷ್ಟ. ಹಾಗಾಗಿ ಡಾಕ್ಟರು ಜೊತೆಗೆ ಬರುತ್ತೀರಾ ಎಂದು ಕೇಳಿದಳು. ಪುಟ್ಟತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಮಗನ ಬಸ್ಸೇ ಗಾಡಿ. "ಡಾಕ್ಟ್ರಮ್ಮಂಗೆ ಟಿಕೆಟ್ ಹರಿಯೋ, ಅವ್ಳಿಗೆ ಮೇಲಿನೋರು ಕೊಡ್ತಾರೆ. ನಂಗೆ ಹರಿಬೇಡ, ನಿನ್ನ ಹೆತ್ತಿದೀನಿ," ಎಂದು ಬಸ್ಸಿನವರ ಮುಂದೆಲ್ಲ ಮಗನನ್ನು ಛೇಡಿಸುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಅವಳು ನಗುವುದನ್ನು ನರಸಿಂಹಯ್ಯ ನೋಡಿದ್ದು ಆಗಲೇ.

ಕುಣಿಗಲ್ಲಿನ ಕೆರೆಯ ಕೆಳಗೆ ಕೂಲಿ ಮಾಡುವ ಹನುಮಕ್ಕನ ಗುಡಿಸಲಿಗೆ ಹೋದದ್ದು ಒಂದು ದಿನ. ಮಕ್ಕಳು ಗಟ್ಟಿಮುಟ್ಟಾಗಿರುವ ಮನೆ ಎಂದು ಅದನ್ನು ಆರಿಸಿದ್ದರು. ಮೂಗು ಸುರಿಸಿಕೊಂಡು ಮಣ್ಣಲ್ಲಿ ಹೊರಳುತ್ತಿದ್ದ ಮಕ್ಕಳನ್ನು ಕಂಡು ಪುಟ್ಟತಾಯಮ್ಮ ಮೂಗು ಮುರಿದಳು.

"ಹಾಲು ಯಾವುದ್ರಲ್ಲಿ ಕಾಯಿಸ್ತೀಯವ್ವ?" ಎಂದು ಡಾಕ್ಟರು ಕೇಳಿದಳು.

"ಹಾಲು ಎಲ್ಲಿಂದ ತರ್ಲಿ ಕಣವ್ವ? ನನ್ನೆದೇಲಿ ಇರೋಗಂಟ ಕುಡೀತವೆ, ಆಮೇಕೆ ಅಂಬ್ಲಿ. ಯಾರಾನಾ ಒಂದು ಲೋಟ ಹಾಲು ಕೊಟ್ರೆ ಈ ಮಡಕೇಲಿ ಕಾಯಿಸ್ತೀನಿ," ಎಂದು ಹನುಮಕ್ಕ ಮಸಿ ಹಿಡಿದ ಮಣ್ಣಿನ ಮಡಕೆ ತೋರಿಸಿ ನಕ್ಕಳು. "ನಿಮ್ಮಂಗೆ ಹಿತ್ತಾಳೆ ಇಕ್ಕಂಡ್ರೆ ಕಾಯೋಕೆ ಒಬ್ರು ಬೇಕಲ್ಲ."

ಪುಟ್ಟತಾಯಮ್ಮ ನಗಲಿಲ್ಲ. ಹನುಮಕ್ಕನ ಸಣ್ಣ ಮಗ ಅವಳ ಸೀರೆ ಹಿಡಿದು ಎದ್ದು ನಿಂತಿದ್ದ. ಅವನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು. ಹಿಂತಿರುಗುವಾಗ ಬಸ್ಸಿನಲ್ಲಿ ಮಗನನ್ನು ಛೇಡಿಸಲೂ ಇಲ್ಲ.

ಆಮೇಲೆ ಗೂಳೂರು. ಅವಳ ತವರೂರು. ದೊಡ್ಡಪ್ಪನ ಮಗ ಚಿಕ್ಕಮಾರಯ್ಯನ ಮೊಮ್ಮಗ ಹುಷಾರಿಲ್ಲದೆ ಮಲಗಿದ್ದಾನೆಂದು ತಿಳಿದು ಡಾಕ್ಟರನ್ನು ಅವಳೇ ಕರೆದುಕೊಂಡು ಹೋದಳು. ಆ ಮಗುವಿನ ಬಾಣಂತನಕ್ಕೆ ಬಂದು ಮೊದಲ ತಿಂಗಳು ನೀರು ಹಾಕಿದವಳು ಅವಳೇ. ಮಗು ತಾಯಿಯ ಮಡಿಲಲ್ಲಿ ತಲೆ ವಾಲಿಸಿ ಕೂತಿತ್ತು. ಕಣ್ಣು ಅರಿಸಿನ. ಹೊಟ್ಟೆಯ ಮೇಲೆ ನೀಲಿ ನರಗಳು ಎದ್ದಿದ್ದುವು. ಡಾಕ್ಟರು ಬೆರಳೂರಿ ನೋಡಿ ಕೈ ತೆಗೆದಳು. ಅವಳ ಕಣ್ಣು ಅಡುಗೆಮನೆಯ ಕಡೆ ಹೋಯಿತು. ಪುಟ್ಟತಾಯಮ್ಮನ ಕಣ್ಣೂ ಅದರ ಹಿಂದೆಯೇ ಹೋಯಿತು. ಅಲ್ಲಿ ಗೋಡೆಗೊರಗಿಸಿದ್ದ ಹಿತ್ತಾಳೆ ತಪ್ಪಲೆ, ಆಗತಾನೆ ತಿಕ್ಕಿದ್ದು, ಬಾಯಿ ಈ ಕಡೆಗೆ. ಅದರ ಒಳಗೆ ಪುಟ್ಟತಾಯಮ್ಮನ ಮುಖ ಕಾಣಿಸಿತು. ಹೀಗೆ ತಿಕ್ಕಬೇಕು ಎಂದು ಆ ಮನೆಯ ಸೊಸೆಗೆ ಅವಳೇ ಕಲಿಸಿದ್ದಳು.

ಬಸ್ಸಿಗೆ ಕಾಯುತ್ತ ಇಬ್ಬರೂ ಹುಣಸೆಮರದ ಕೆಳಗೆ ಕೂತರು. ಪುಟ್ಟತಾಯಮ್ಮ ನೆಲ ನೋಡುತ್ತಲೇ ಕೇಳಿದಳು.

"ತಪ್ಪಲೇಲಿ ಏನೈತೆ ಡಾಕ್ಟ್ರಮ್ಮ?"

ಉಮಾಮಹೇಶ್ವರಿ ಅವಳ ಕಡೆ ತಿರುಗಿ ಕೂತಳು. ಆಮೇಲೆ ಹೇಳಿದಳು. ಈ ರೋಗದಿಂದ ಹೋದ ಮಕ್ಕಳ ಲಿವರಿನಲ್ಲಿ ತಾಮ್ರ ತುಂಬಿರುವುದು ಕಂಡಿದೆ. ಹಿತ್ತಾಳೆ ಎಂದರೆ ಅರ್ಧಕ್ಕೂ ಮಿಕ್ಕಿ ತಾಮ್ರವೇ. ಕಾದ ಹಾಲು ಅದರಲ್ಲಿ ದಿನವೆಲ್ಲ ಕೂತರೆ ತಾಮ್ರ ಹಾಲಿಗೆ ಇಳಿಯುತ್ತದೋ ಏನೋ. ದೊಡ್ಡವರಿಗೆ ತಡೆಯುತ್ತದೆ. ಎಳೆಗೂಸಿನ ಲಿವರು ಅದನ್ನು ಹೊರಹಾಕಲಾರದೆ ಕೂಡಿಟ್ಟುಕೊಳ್ಳುತ್ತದೋ ಏನೋ. ಬೇರೆ ಕಡೆಯ ಡಾಕ್ಟರುಗಳಿಗೂ ಇದೇ ಸಂಶಯ. ಆದರೆ ಕಾಯಿಲೆ ಬಂದ ಮನೆ, ಬಾರದ ಮನೆ ಎರಡನ್ನೂ ಸಾಕಷ್ಟು ಹೋಲಿಸಿ ನೋಡದೆ ಹೌದು ಅನ್ನುವ ಹಾಗಿಲ್ಲ.

"ಅನುಮಾನ ಅಷ್ಟೇ ಅಮ್ಮ. ಗೊತ್ತಿಲ್ಲ."

"ಅನುಮಾನ ಮೊದಲ್ನೇ ದಿನಾನೇ ಇತ್ತಾ?"

"ಇತ್ತು."

"ಮತ್ತೆ ನಮ್ಮ ಪುಟ್ಟಿ ದಿನಾ ಅದ್ರಲ್ಲೇ ಕುಡಿಯೋದ ನೋಡ್ಕಂಡು, ನನ್ನ ಕೈಲಿ ಕಾಫಿ ಕುಡ್ದು ಎದ್ದು ಹೋಗ್ತಿದ್ಯಲ್ಲ ತಾಯಿ."

ಡಾಕ್ಟರು ತಲೆ ತಗ್ಗಿಸಿದಳು. ಅವಳಿಗೂ ಒಂದು ಕಟ್ಟುಪಾಡಿತ್ತು. ಕೇಳುವ ಮುಂಚೆಯೇ ಕಾರಣ ಹೇಳಿಬಿಟ್ಟರೆ ಜನ ಪಾತ್ರೆ ಬದಲಾಯಿಸುತ್ತಾರೆ, ಹಿಂದಿನದನ್ನು ಮರೆಮಾಚುತ್ತಾರೆ, ತನಿಖೆ ಕೆಡುತ್ತದೆ. ಕೆಟ್ಟರೆ ಯಾವ ಊರಿನ ಮಗುವಿಗೂ ಉಪಯೋಗವಿಲ್ಲ. ಹಿರಿಯರು ಹಾಗೆ ಹೇಳಿ ಕಳಿಸಿದ್ದರು, ಅದು ಸುಳ್ಳೂ ಅಲ್ಲ. ಅದನ್ನೆಲ್ಲ ಅವಳು ಬಾಯಿಬಿಟ್ಟು ಹೇಳಲಿಲ್ಲ.

"ಹೇಳ್ಬೇಕಿತ್ತು ಅಮ್ಮ," ಎಂದಷ್ಟೇ ಅಂದಳು.

ಆ ವಾರವೇ ಅವಳು ಬೆಂಗಳೂರಿಗೆ ಹೋಗಿ ಹಿರಿಯ ಡಾಕ್ಟರ ಮುಂದೆ ಕೂತು ವಾದ ಮಾಡಿದಳೆಂದು ಆಮೇಲೆ ತಿಳಿಯಿತು. ಪ್ರಶ್ನೆ ಕೇಳಿ, ಹಾಲಿನ ಮಾದರಿ ತೆಗೆದುಕೊಂಡು, ಆ ಮನೆಯಿಂದ ಹೊರಡುವ ಮುಂಚೆ, ಖಚಿತವಿಲ್ಲ ಆದರೂ ಮಗುವಿನ ಹಾಲಿಗೆ ಹಿತ್ತಾಳೆ ಬೇಡ ಎಂದು ಹೇಳಿ ಬರುವುದು. ಹಿಂದೆ ಹೋಗಿದ್ದ ಮನೆಗಳಿಗೂ ಮತ್ತೆ ಹೋಗಿ ಹೇಳುವುದು. ಅಂದಿನಿಂದ ಹಾಗೆಂದು ತೀರ್ಮಾನವಾಯಿತು.

ಪುಟ್ಟತಾಯಮ್ಮನ ಪಾಡು ಬೇರೆ. ಗೂಳೂರಿಗೆ ಹೋದ ದಿನ ಸಂಜೆ ಅವಳು ಬಸ್ಸಿಳಿದು ಮನೆಗೆ ಬಂದಾಗ ರಂಗಲಕ್ಷ್ಮಮ್ಮ ಒಳಲೆಗೆ ಹಾಲು ಬಗ್ಗಿಸುತ್ತಿದ್ದಳು. ಪುಟ್ಟತಾಯಮ್ಮ ಅದನ್ನು ಕೈಯಿಂದ ತೆಗೆದುಕೊಂಡು ಹಾಲನ್ನು ಬಚ್ಚಲಿಗೆ ಚೆಲ್ಲಿದಳು. ತಪ್ಪಲೆಯಲ್ಲಿದ್ದದ್ದನ್ನೂ ಚೆಲ್ಲಿದಳು. ಹಾಲು ಚೆಲ್ಲುವುದೆಂದರೆ ಆ ಮನೆಯಲ್ಲಿ ಯಾರೂ ಕಂಡಿರದ ಕೆಲಸ. ಸೊಸೆ ದಂಗಾಗಿ ನೋಡುತ್ತಿದ್ದಳು. ಸುಮ್ಮನೆ ಒಂದು ಸ್ಟೀಲ್ ಪಾತ್ರೆ ತಂದಿಟ್ಟು, ಕಾಲ ಬದಲಾಯಿತು ಕಣೇ ಎಂದಿದ್ದರೆ ಮುಗಿದುಹೋಗುತ್ತಿತ್ತು. ಪುಟ್ಟತಾಯಮ್ಮ ಹಾಗೆ ಮಾಡಲಿಲ್ಲ. ಸೊಸೆಯ ಎದುರು ನೆಲದ ಮೇಲೆ ಕೂತು, ಹುಣಸೆಮರದ ಕೆಳಗೆ ಕೇಳಿದ್ದನ್ನೆಲ್ಲ ಹೇಳಿದಳು.

ರಂಗಲಕ್ಷ್ಮಮ್ಮ ಕೇಳಿ ಮುಗಿಸಿ, ಬಹಳ ನಿಧಾನವಾಗಿ ಅಂದಳು:

"ಹಂಗಾದ್ರೆ ಇಬ್ರನ್ನೂ ನಾವೇ..."

"ನಾವಲ್ಲ ಕಣವ್ವ. ನಾನು. ನೀನು ಹಾಲು ಸಾಲ್ತದೆ ಅಂದಿದ್ದೆ."

ರಂಗಲಕ್ಷ್ಮಮ್ಮ ಎದ್ದಳು. ತೊಟ್ಟಿಲಿನಿಂದ ಪುಟ್ಟಿಯನ್ನು ಎತ್ತಿ ಎದೆಗವಚಿಕೊಂಡು ಕೋಣೆಯೊಳಗೆ ಹೋದಳು. ಬೆಳಗ್ಗೆ ಗಂಡನ ಬಸ್ಸಿನಲ್ಲೇ ಮಗುವನ್ನು ಕರೆದುಕೊಂಡು ಕುಣಿಗಲ್ಲಿಗೆ ಹೊರಟಳು. ನರಸಿಂಹಯ್ಯ ತಾಯಿಯ ಮುಖ ನೋಡಿದ. "ಹೋಗ್ಲಿ ಬುಡಪ್ಪ. ಅಲ್ಲಿ ಮಗ ಚೆನ್ನಾಗಿರ್ತದೆ," ಎಂದಳು ಪುಟ್ಟತಾಯಮ್ಮ.

ಹೋದದ್ದೇನೋ ಹೋಯಿತು. ಆದರೆ ಪುಟ್ಟಿಯ ಹೊಟ್ಟೆಗೆ ಆಗಲೇ ಎಷ್ಟು ಇಳಿದಿದೆಯೋ ಯಾರು ಬಲ್ಲರು? ಈ ರೋಗ ಇವತ್ತು ಕುಡಿದದ್ದಕ್ಕೆ ನಾಳೆ ಬರುವಂಥದ್ದಲ್ಲ. ಕಾಯಬೇಕು. ಅಣ್ಣಂದಿರು ಹೋದ ವಯಸ್ಸು ದಾಟುವವರೆಗೂ ಕಾಯಬೇಕು. ಡಾಕ್ಟರು ತಿಂಗಳಿಗೊಮ್ಮೆಯಾದರೂ ಕುಣಿಗಲ್ಲಿಗೆ ಹೋಗಿ ಮಗುವನ್ನು ನೋಡುತ್ತಿದ್ದಳು. ಅಲ್ಲಿಂದ ಗುಬ್ಬಿಗೂ ಬಂದು ಜಗಲಿಯ ಹತ್ತಿರ ನಿಲ್ಲುತ್ತಿದ್ದಳು. ಪುಟ್ಟತಾಯಮ್ಮ ಅವಳ ಮುಖ ನೋಡುತ್ತಿದ್ದಳು.

"ಮೆತ್ತಗಿದೆ ಅಮ್ಮ."

ಅಷ್ಟು ಕೇಳಿದ ಮೇಲೆಯೇ ಒಲೆ ಹಚ್ಚಿ ಕಾಫಿಗಿಡುತ್ತಿದ್ದಳು.

ಕೂಸುಗಳಿಗೆ ನೀರು ಹಾಕುವುದನ್ನು ಅವಳು ಬಿಟ್ಟಳು. ಕರೆಯಲು ಬಂದವರಿಗೆ ಸೊಂಟ ನೋವು ಅಂದಳು. ಡಾಕ್ಟರ ಜೊತೆ ತಿರುಗುವುದನ್ನು ಮಾತ್ರ ಬಿಡಲಿಲ್ಲ. ತಪ್ಪಲೆಯನ್ನು ತನಿಖೆಯವರು ಪರೀಕ್ಷೆಗೆಂದು ಬೆಂಗಳೂರಿಗೆ ಒಯ್ದು, ಎಷ್ಟೋ ದಿನದ ಮೇಲೆ ತಂದುಕೊಟ್ಟರು. ಅದನ್ನು ಬಚ್ಚಲಮನೆಯ ಮೂಲೆಯಲ್ಲಿಟ್ಟಳು. ಮತ್ತೆ ಹುಣಸೆಹಣ್ಣು ಮುಟ್ಟಿಸಲಿಲ್ಲ. ಹೊಗೆ ಹಿಡಿದು ಅದು ಕಪ್ಪಾಯಿತು.

ಡಾಕ್ಟರು ಕೇಳುವುದನ್ನು ಕೇಳಿ ಮುಗಿಸಿದ ಮೇಲೆ ಪುಟ್ಟತಾಯಮ್ಮ ಬಾಯಿ ತೆಗೆಯುತ್ತಿದ್ದಳು. ಬೆಳ್ಳಾವಿಯಲ್ಲಿ ಸಿದ್ದಲಕ್ಷ್ಮಮ್ಮ ಎಂಬ ಎಳೆಯ ಹೆಂಗಸು, ಗುಬ್ಬಿಯ ತವರಲ್ಲಿ ಬಾಣಂತನವಾಗಿ, ಆ ಮಗು ಕಳಕೊಂಡು ಮತ್ತೆ ಬಸುರಿಯಾಗಿದ್ದವಳು, ಕೇಳಿಯೇ ಕೇಳಿದಳು: ಆ ಕೂಸಿಗೆ ಹಿತ್ತಾಳೆ ಹಾಲು ಕುಡಿಸು ಅಂದವಳು ನೀನೇ ಅಲ್ಲವೇನಜ್ಜಿ? ಪುಟ್ಟತಾಯಮ್ಮ ಹೌದು ಅಂದಳು. ನನ್ನ ಮೊಮ್ಮಕ್ಕಳಿಗೂ ಅದನ್ನೇ ಕುಡಿಸಿದೆ ಅಂದಳು. ಆ ಹೆಂಗಸು ಬಾಗಿಲು ಹಾಕಿಕೊಂಡಳು. ಮುಚ್ಚಿದ ಬಾಗಿಲಿಗೇ ಪುಟ್ಟತಾಯಮ್ಮ ಉಳಿದ ಮಾತು ಹೇಳಿದಳು: ಎದೆಹಾಲು ಎಷ್ಟು ದಿನ ಬಂದರೆ ಅಷ್ಟು ದಿನ ಕೊಡು, ಮೇಲುಹಾಲು ಬೇಕಾದರೆ ಸ್ಟೀಲಲ್ಲಿ ಕಾಯಿಸು, ಮಡಕೆಯಲ್ಲಿ ಕಾಯಿಸು. ಹೇಳಿ ಮುಗಿಸಿ ಇಬ್ಬರೂ ಮುಂದಿನ ಮನೆಗೆ ನಡೆದರು.

ಅತ್ತೆಯಂದಿರು ಒಪ್ಪುವುದು ಇನ್ನೂ ಕಷ್ಟವಾಗಿತ್ತು. ಸ್ಟೀಲಿನ ಹಾಲು ಹಾಲೇ ಅಲ್ಲ ಅನ್ನುತ್ತಿದ್ದರು ಕೆಲವರು. ನಮ್ಮ ಹಿರಿಯರೆಲ್ಲ ಇದರಲ್ಲೇ ಕುಡಿದು ಬದುಕಲಿಲ್ಲವೇ ಅನ್ನುತ್ತಿದ್ದರು ಕೆಲವರು. ಪುಟ್ಟತಾಯಮ್ಮ ವಾದಕ್ಕೆ ಹೋಗುತ್ತಿರಲಿಲ್ಲ. ಬದುಕಿದೋರು ಬದುಕಿದ್ರು ಕಣಕ್ಕ, ನನ್ನ ಮನೇಲಿ ಬದುಕ್ಲಿಲ್ಲ ಎಂದು ಎದ್ದು ಬರುತ್ತಿದ್ದಳು. ಕೆಲವು ಮನೆಗಳಲ್ಲಿ ಆಮೇಲೆ ಹೋಗಿ ನೋಡಿದರೆ ತಪ್ಪಲೆ ಅಟ್ಟ ಸೇರಿರುತ್ತಿತ್ತು.

ಗೂಳೂರಿನ ಮಗುವನ್ನು ಬೆಂಗಳೂರಿಗೆ ಸೇರಿಸಿದರು. ಮೈಯಲ್ಲಿ ಸೇರಿದ ತಾಮ್ರವನ್ನು ಎಳೆದು ಹೊರಹಾಕುವ ಗುಳಿಗೆಯೊಂದನ್ನು ಆಗ ಹೊಸದಾಗಿ ಕೊಟ್ಟು ನೋಡುತ್ತಿದ್ದರು. ರೋಗ ಮೊದಲೇ ಗೊತ್ತಾದ ಮಕ್ಕಳಿಗೆ ವಾಸಿಯಾದೀತೇನೋ ಎಂಬ ಆಸೆ. ಈ ಮಗುವಿಗೆ ಹೊತ್ತು ಮೀರಿತ್ತು. ಮಣ್ಣು ಮಾಡಿ ಬಂದ ದಿನ ಪುಟ್ಟತಾಯಮ್ಮ ಆ ಮನೆಯ ಒಳಗೆ ಹೋಗಲಾರದೆ ಹೊರಗಿನ ಕಲ್ಲಿನ ಮೇಲೆ ಕೂತಳು. ಚಿಕ್ಕಮಾರಯ್ಯನೇ ಬಂದು ಪಕ್ಕದಲ್ಲಿ ಕೂತ. ಅವಳು ತಾನು ಕಲಿಸಿದ್ದರ ಮಾತನ್ನು ತಾನೇ ಎತ್ತಿದಾಗ ಅವನು, "ನೀನೊಬ್ಳೇ ಏನವ್ವ, ಊರೆಲ್ಲ ಹಂಗೇ ಕುಡ್ಸಿದ್ದು. ಪ್ರೀತಿಗೇ ಕುಡ್ಸಿದ್ದು," ಅಂದ. ಅವನು ಕ್ಷಮಿಸಿಯೇ ಹೇಳಿದ್ದು. ಪ್ರೀತಿಗೇ ಎಂಬ ಮಾತು ಅವಳಿಗೆ ಎಲ್ಲಕ್ಕಿಂತ ಭಾರವಾಯಿತು.

ಎಂಬತ್ತೈದರ ಬೇಸಿಗೆಯಲ್ಲಿ ಉಮಾಮಹೇಶ್ವರಿ ಜಗಲಿಗೆ ಬಂದು ಕೂತಳು. ತನಿಖೆ ಒಂದು ಹಂತಕ್ಕೆ ಬಂದಿತ್ತು. ಕಾಯಿಲೆ ಬಂದ ಮನೆಗಳಲ್ಲಿ ಬಹುಪಾಲು ಎಳೆಗೂಸಿಗೆ ಹಿತ್ತಾಳೆ ಪಾತ್ರೆಯ ಹಾಲು. ಬಾರದ ಮನೆಗಳಲ್ಲಿ ಅಪರೂಪ. ಎಲ್ಲ ಗುಟ್ಟೂ ಬಯಲಾಯಿತೆಂದು ಹೇಳಲಾರೆ, ಕೆಲವು ಮಕ್ಕಳಿಗೆ ಬಂದು ಕೆಲವಕ್ಕೆ ಬಾರದಿರುವುದು ಯಾಕೋ ಇನ್ನೂ ತಿಳಿದಿಲ್ಲ, ಆದರೆ ನಾವು ಹೇಳುತ್ತಿದ್ದದ್ದು ತಪ್ಪಲ್ಲ ಅಂದಳು. ಪುಟ್ಟತಾಯಮ್ಮ ತಲೆಯಾಡಿಸಿದಳು. ಕೇಳಬೇಕಾದದ್ದು ಬೇರೆ ಇತ್ತು, ಅವಳು ಮುಖವನ್ನೇ ನೋಡುತ್ತಿದ್ದಳು. ಈ ಸಲ ಡಾಕ್ಟರು ಆ ಒಂದು ಮಾತು ಹೇಳಲಿಲ್ಲ.

"ನೀವೇ ನೋಡಿ ಅಮ್ಮ," ಎಂದು ಬೀದಿಯ ಕಡೆ ತಿರುಗಿದಳು.

ನರಸಿಂಹಯ್ಯನ ಕೈಯಲ್ಲಿ ಟ್ರಂಕು. ಅವನ ಹಿಂದೆ ರಂಗಲಕ್ಷ್ಮಮ್ಮ. ಅವಳ ಮುಂದೆ, ಅಪ್ಪನ ಟಿಕೆಟಿನ ಚೂರು ಹಿಡಿದುಕೊಂಡು, ಧೂಳು ಮೆತ್ತಿದ ಕಾಲಿನ ಒಂದು ಹುಡುಗಿ. ಅಣ್ಣಂದಿರಿಬ್ಬರೂ ಮುಟ್ಟದ ವಯಸ್ಸನ್ನು ದಾಟಿ ಬಂದಿದ್ದಳು. ಪುಟ್ಟತಾಯಮ್ಮ ಜಗಲಿಯಿಂದ ಏಳಲಿಲ್ಲ. ಮುಂದಕ್ಕೆ ಚಾಚಲಿದ್ದ ಕೈಯನ್ನು ಹಿಂದಕ್ಕೆಳೆದು ಮಡಿಲಲ್ಲಿಟ್ಟುಕೊಂಡಳು.

ರಂಗಲಕ್ಷ್ಮಮ್ಮ ಅದನ್ನು ನೋಡಿದಳು. ಮೂರು ವರ್ಷದಲ್ಲಿ ಅವಳೂ ಸ್ವಲ್ಪ ಹಣ್ಣಾಗಿದ್ದಳು.

"ದಾರೀಲೆಲ್ಲ ಧೂಳು ಅತ್ತೆ," ಅಂದಳು. "ಪುಟ್ಟಿಗೆ ನೀರು ಹಾಕಿ."

"ನಾನಾ?"

"ಇನ್ಯಾ‌ರು?"

ಬಚ್ಚಲ ಕಲ್ಲಿನ ಮೇಲೆ ಪುಟ್ಟತಾಯಮ್ಮ ಕಾಲು ನೀಡಿ ಕೂತಳು. ಆ ಕಪ್ಪು ತಪ್ಪಲೆಯಲ್ಲೇ ಬಿಸಿನೀರು ತೋಡಿಟ್ಟುಕೊಂಡಳು. ಹುಡುಗಿ ಅವಳ ಕಣಕಾಲಿನ ಮೇಲೆ ಹಿಡಿಸಲಿಲ್ಲ. ಕಾಲುಗಳು ಆಚೆಗೆ ಜೋತುಬಿದ್ದು, ಕಚಗುಳಿ ಎಂದು ಒದ್ದಾಡಿ ನಗುತ್ತಿದ್ದಳು. ಬೆನ್ನಿಗೆ ನೀರು ಹೊಯ್ದು, ಮಗ್ಗುಲು ತಿರುಗಿಸಿ, ಪುಟ್ಟತಾಯಮ್ಮ ಬಲಪಕ್ಕೆಯ ಕೆಳಗೆ ಡಾಕ್ಟರು ಬೆರಳೂರುತ್ತಿದ್ದ ಜಾಗದಲ್ಲಿ ತನ್ನ ಅಂಗೈಯಿಟ್ಟಳು. ಮೊದಲು ಮೆಲ್ಲಗೆ. ಆಮೇಲೆ ಇನ್ನೂ ಸ್ವಲ್ಪ ಒತ್ತಿ.

ಮೆತ್ತಗಿತ್ತು.

ಅವಳು ಕೈಯನ್ನು ಅಲ್ಲಿಂದ ತೆಗೆಯಲೇ ಇಲ್ಲ. ನೀರು ಆರುತ್ತಿದೆ ಅಜ್ಜಿ ಎಂದು ಹುಡುಗಿ ಗೊಣಗಿದಾಗ ಹಿಂದೆ ನಿಂತಿದ್ದ ರಂಗಲಕ್ಷ್ಮಮ್ಮ ಬಗ್ಗಿ, ತಪ್ಪಲೆಯಿಂದ ನೀರು ಮೊಗೆದು, ಇಬ್ಬರ ಮೇಲೂ ಹೊಯ್ದಳು.